ಎಡಗಡೆಯ ಸ್ಪೀಕರ್

ಜುಲೈ 8, ಸೋಮವಾರ

ಶಾಲೆಗೆ ಹೋಗುವ ಮುಡಬಿ ಬಸ್ ಇವತ್ತೂ ತಡ. ಮೂರನೇ ಕ್ಲಾಸಿನವು ಮಗ್ಗಿಯನ್ನೆಲ್ಲ ಬೇಸಿಗೆ ರಜೆಯಲ್ಲಿ ತೊಳೆದು ಒಣಗಿಸಿಕೊಂಡು ಬಂದಿವೆ. ಜಯಮಾಲಾ ಟೀಚರ್ ಮುನಿಸಿಕೊಂಡಿದ್ದಾಳೆ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಏನೋ ಕೇಳಿದ್ದಳಂತೆ, ನಾನು ಉತ್ತರ ಕೊಡಲಿಲ್ಲವಂತೆ. ಇವಳ ಸಿಟ್ಟಿಗೆ ಕಾರಣವೇ ಬೇಕಿಲ್ಲ.

ಅತ್ತೆ ಇವತ್ತೂ ಒಳಕೋಣೆಯಲ್ಲೇ ಉಂಡರು. ಹಾಲ್‌ಗೆ ಬರುವುದು ಬಿಟ್ಟು ತಿಂಗಳಾಗುತ್ತ ಬಂತು. ತಪ್ಪು ನನ್ನದೇ. ಅವರು ಟಿವಿ ಸೌಂಡ್ ಏರಿಸುತ್ತಲೇ ಇದ್ದರು... ನಾನು ರಿಮೋಟ್ ಕಸಿದುಕೊಂಡು, "ಓಣಿಗೆಲ್ಲಾ ಕೇಳಸಾಕತ್ತದ, ನಿಮಗೊಬ್ರಿಗೇ ಕೇಳಸಂಗಿಲ್ಲ ನೋಡ್ರಿ" ಅಂದೆ. ಎದ್ದು ಒಳಗೆ ಹೋದರು. ಮಂದಿ ಹೊಲದಲ್ಲಿ ಕಳೆ ತೆಗೆದು ಮಗ ಅಜೀತನನ್ನು ಓದಿಸಿದ ಹೆಂಗಸು. ಸಂಜೆ ಒಂದು ಧಾರಾವಾಹಿ ನೋಡುತ್ತಿದ್ದರು, ಅದನ್ನೂ ನಾನು ಕಸಿದೆ. ಕ್ಷಮಿಸಿ ಅನ್ನಲು ಬಾಯಿ ಬರುತ್ತಿಲ್ಲ. ಆದರೆ ಅವರನ್ನು ಮತ್ತೆ ಟಿವಿ ಮುಂದೆ ತಂದು ಕೂರಿಸಲೇಬೇಕು.

ಜುಲೈ 11, ಗುರುವಾರ

ಹೋದ ವರ್ಷದ ಬಾಕಿ ಪಗಾರ ಬಂತು! ಗೆಸ್ಟ್ ಟೀಚರ್ ಬಾಳೆಂದರೆ ಹಬ್ಬ ಮುಗಿದ ಮೇಲೆ ಹೋಳಿಗೆ.

ಜಯಮಾಲಾಳ ಮುನಿಸು ಇಳಿದಿದೆ. ಅತ್ತೆಯ ಟಿವಿ ವಿಷಯ ಹೇಳಿಕೊಂಡೆ. ಹುಮನಾಬಾದಿನಲ್ಲಿ ವಸೀಮ್ ಅಂತ ಒಬ್ಬ ಹಳೆ ಹೋಮ್ ಥಿಯೇಟರ್ ರಿಪೇರಿ ಮಾಡಿ ಮಾರುತ್ತಾನಂತೆ. ಅವಳೂ ಒಂದು ಹೇಳಿ ಇಟ್ಟಿದ್ದಾಳೆ. "ಹೊಸಾದು ನಮಗೆಲ್ಲಿ ಆಗ್ತದ? ಹಾಸಿಗಿ ಇದ್ದಷ್ಟ ಕಾಲ ಚಾಚಬೇಕು" ಅಂದಳು. ಹಾಸಿಗೆ ಹಳೆಯದಾದರೂ ನಡೆದೀತು ಅಂದೆ.

ಜುಲೈ 14, ಭಾನುವಾರ

ಹುಮನಾಬಾದ್. ಅಜೀತನೂ ಬಂದ. ವಾರವಿಡೀ ಕಾರ್ಖಾನೆಗೆಂದು ಇದೇ ದಾರಿ ಸವೆಸುವವನು, ಭಾನುವಾರವೂ ಇದೇ ಬಸ್ಸೇ ಎಂದು ಗೊಣಗುತ್ತ.

ಅಂಗಡಿ ಅಂದರೆ ಎರಡು ಮೂಲೆಗಳಲ್ಲಿ ಟಿವಿಗಳ ರಾಶಿ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ವಸೀಮನಿಗೆ ಮೂವತ್ತಿರಬಹುದು. ಮಾತು ಕಡಿಮೆ, ನಗು ಜಾಸ್ತಿ. ಅತ್ತೆಯ ವಿಷಯ ಹೇಳಿದೆ.

"ಟೀಚರ್, ಪಿಕ್ಚರ್‌ದಾಗ ಮಾತೆಲ್ಲಾ ಈ ನಡುವಿನ ಸ್ಪೀಕರ್‌ನಿಂದ ಬರ್ತದ. ಮ್ಯೂಜಿಕ್, ಧಾಂ ಧೂಂ ಎಲ್ಲಾ ಬಾಜೂದವು. ನಡುವಿಂದೊಂದೇ ಹೆಚ್ಚ ಮಾಡ್ರಿ. ಅಮ್ಮಾಗ ಮಾತು ಸಾಫ್ ಕೇಳ್ತದ, ಓಣಿಗೂ ತ್ರಾಸಿಲ್ಲ."

ಇಷ್ಟು ದಿನ ಇದನ್ನು ಯಾರೂ ಹೇಳಿರಲಿಲ್ಲ! ಐದು ಸ್ಪೀಕರ್, ಎಲ್ಲದರ ವೈರು ಸೇರುವ ಒಂದು ದಪ್ಪ ಡಬ್ಬಿ. ಒಂದರ ಜಾಲಿ ಇಲ್ಲ, ಇನ್ನೊಂದಕ್ಕೆ ಗೀರು. ಜಾಲಿ ತೋರಿಸಿ ಸ್ವಲ್ಪ ಇಳಿಸಿದೆ, ಗೀರು ತೋರಿಸಿ ಇನ್ನೂ ಸ್ವಲ್ಪ. ಅಜೀತ ನಾಚಿ ರಸ್ತೆ ನೋಡುತ್ತ ನಿಂತ. "ಆವಾಜ್ ಖರಾಬ್ ಬಂದ್ರ ವಾಪಸ್ ತರ್ರಿ, ನನ್ನ ಜಬಾನ್" ಅಂದ ವಸೀಮ್. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಖುಷಿಯಾಗಿದೆ. ಬಹಳ.

ಜುಲೈ 15, ಸೋಮವಾರ

ಜೋಡಿಸಿದೆವು. ಎಡಗಡೆಯದನ್ನು ಬಾಬಾಸಾಹೇಬರ ಫೋಟೊದ ಕೆಳಗೆ, ಬಲಗಡೆಯದನ್ನು ಕಿಟಕಿ ಹತ್ತಿರ. ನಡುವಿನದು ಟಿವಿ ಕೆಳಗೆ. ಮಾತು ಗಂಟೆ ಹೊಡೆದ ಹಾಗೆ.

ಅತ್ತೆಯನ್ನು ಕರೆದೆ. ಬಾಗಿಲವರೆಗೆ ಬಂದು ನೋಡಿದರು.

"ಚಲೋ ಅದ. ನೀವ್ ನೋಡ್ರಿ."

ಒಳಗೆ ಹೋದರು. ನನಗೆ ಅಳು ಬಂತು. ಬರೀ ಸೌಂಡ್ ಸರಿಮಾಡಿದರೆ ಎಲ್ಲ ಸರಿಯಾಗುತ್ತದೆ ಅಂದುಕೊಂಡಿದ್ದೆ... ದಡ್ಡಿ.

ಜುಲೈ 17, ಬುಧವಾರ

ಎಡಗಡೆಯದು ಸತ್ತಿದೆ. ಎಲ್ಲ ಬಲಗಡೆಯಿಂದಲೇ ಬರುತ್ತಿದೆ. ಎಡ ಭುಜವನ್ನು ಗೋಡೆಗೆ ಒರಗಿಸಿ ಕಿವಿ ಹಚ್ಚಿ ನೋಡಿದೆ — ಏನೋ ಗುಂಯ್ ಅಂದಂತೆ, ಅಷ್ಟೇ.

"ಎರಡೂ ಬರೋಬರ್ ಅದಾವಲ್ಲ" ಅಂದ ಅಜೀತ. ಮತ್ತೆ ಹುಮನಾಬಾದಿಗೆ ಹೋಗುವ ಸೋಮಾರಿತನಕ್ಕೆ ಹಾಗಂತಾನೆ. ಅತ್ತೆಯನ್ನು ಕೇಳುವಂತಿಲ್ಲ. ಕಿವುಡರ ಸಾಕ್ಷಿ ಯಾವ ಕೋರ್ಟಿನಲ್ಲಿ ನಿಲ್ಲುತ್ತದೆ?

ಜುಲೈ 21, ಭಾನುವಾರ

ಒಬ್ಬಳೇ ಹೋದೆ. ವಸೀಮ್ ಸ್ಪೀಕರನ್ನು ಹಚ್ಚಿ ನೋಡಿದ, ತಲೆ ಕೆರೆದುಕೊಂಡ. "ಆವಾಜ್ ಬರಾಕತ್ತದಲ್ರಿ..." ಅಂದ. ಆದರೂ ಬೇರೊಂದು ಕೊಟ್ಟ. ದುಡ್ಡು ಕೇಳಲಿಲ್ಲ.

ಸಂಜೆ: ಅದೂ ಹಾಗೇ!!

ಜುಲೈ 28, ಭಾನುವಾರ

ಈ ಸಲ ದಪ್ಪ ಡಬ್ಬಿಯನ್ನೂ ಹೊತ್ತುಕೊಂಡು ಹೋದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರೆದುರಿಗೇ ಹಚ್ಚಿಸಿದೆ.

"ಟೀಚರ್, ಎರಡೂ ಕಡಿ ಆವಾಜ್ ಬರಾಕತ್ತದ. ಖುದಾ ಕಸಮ್."

"ಸುಳ್ಳ ಹೇಳಬ್ಯಾಡೋ. ನನಗೇನ್ ಕಿವಿ ಇಲ್ಲೇನು?"

"ಇವರಿಗೆ ಕೇಳ್ರಿ ಬೇಕಾದ್ರ."

ಗಿರಾಕಿಗಳು ನಕ್ಕರು. ನೆತ್ತಿಗೇರಿತು. "ನಿನ್ನ ಪೈಕಿಯವ್ರನ್ನೇ ನಿಲ್ಸಿ ಸಾಕ್ಷಿ ಹೇಳಸ್ತಿ ಏನು? ಇಂಥಾ ಸಾಮಾನ ಕಿವುಡರಿಗಿ ಮಾರು ಹೋಗು!" ಅಂದೆ. ಒಬ್ಬ ಗಿರಾಕಿ ಕೈಯಲ್ಲಿದ್ದ ರೇಡಿಯೊ ಕೆಳಗಿಟ್ಟು ಹೊರಟ. ವಸೀಮ್ ಅವನ ಬೆನ್ನು ನೋಡಿದ. ನಗಲಿಲ್ಲ. ಡಬ್ಬಿಯನ್ನೂ ಬದಲಿಸಿ ಕೊಟ್ಟು, "ಇದಕಿಂತ ಹೆಚ್ಚ ನನ್ನ ಕೈಲೆ ಆಗಂಗಿಲ್ರಿ" ಅಂದ.

ಜುಲೈ 29, ಸೋಮವಾರ

ಸ್ಟಾಫ್ ರೂಮಿನಲ್ಲಿ ಎಲ್ಲ ಹೇಳಿದೆ, ಉಪ್ಪು ಖಾರ ಹಚ್ಚಿ. ಜಯಮಾಲಾ ಅಲ್ಲೇ ಫೋನ್ ಮಾಡಿ ತನ್ನ ಆರ್ಡರ್ ಬೇಡವೆಂದಳು. ಹೊಸ ಡಬ್ಬಿಯಲ್ಲೂ ಎಡಗಡೆ ಸತ್ತೇ ಇದೆ. ಇನ್ನು ನೋಡುವುದಿಲ್ಲ.

ಆಗಸ್ಟ್ 11, ಭಾನುವಾರ



ಬೆಳಗ್ಗೆ ಜೋಳ ಹಸನು ಮಾಡಲು ಕೂತಿದ್ದೆ. ಬಾಗಿಲ ಬೆಳಕು ಬೇಕೆಂದು ಟಿವಿಗೆ ಬೆನ್ನು ಮಾಡಿ. ಅಜೀತ ಹಾಡು ಹಚ್ಚಿ ಸ್ನಾನಕ್ಕೆ ಹೋಗಿದ್ದ. ಕೇಳುತ್ತೇನೆ — ಫೋಟೊದ ಕೆಳಗಿನದು ಚೆಂದ ಹಾಡುತ್ತಿದೆ! ಕಿಟಕಿ ಹತ್ತಿರದ್ದು ಸತ್ತಿದೆ. ಮೊರ ಬದಿಗಿಟ್ಟು ತಿರುಗಿದೆ. ಕಿಟಕಿಯದಕ್ಕೆ ಜೀವ ಬಂದು, ಫೋಟೊದ ಕೆಳಗಿನದು ಸತ್ತಿತು. ಮತ್ತೆ ಬೆನ್ನು ಮಾಡಿದೆ. ಅದಲು ಬದಲು. ಹುಚ್ಚಿಯ ಹಾಗೆ ಹಾಲ್ ನಡುವೆ ಸುತ್ತಿದೆ. ಕೊನೆಗೆ ಬಲಗಿವಿಗೆ ಬೆರಳಿಟ್ಟೆ.

ಇಡೀ ಮನೆ ದೂರ ಹೋಯಿತು.

ಸ್ಪೀಕರ್ ಅಲ್ಲ. ನಾನು. ನನ್ನ ಎಡಗಿವಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ಈ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ಬರೆಸಿದ್ದೇನೆ! ಬಸ್ಸಿನಲ್ಲಿ ಜಯಮಾಲಾ ಕಿಟಕಿ ಬೇಕೆಂದು ಯಾವಾಗಲೂ ನನ್ನ ಎಡಕ್ಕೇ ಕೂರುವುದು. ಕ್ಲಾಸಿನಲ್ಲಿ ಎಡಗಡೆ ಸಾಲಿನ ಮಕ್ಕಳಿಗೆ, ಬಾಯಲ್ಲಿ ಗೂಟ ಬಡಿದುಕೊಂಡೀರೇನು ಎಂದು ಗದರಿದ್ದು. ಹೆದರಿಕೆಯಾಗುತ್ತಿದೆ. ಇನ್ನೊಂದು ಕಿವಿಯೂ ಹೀಗೇ ಹೋದರೆ? ಶಾಲೆಯಲ್ಲಿ ಗೊತ್ತಾದರೆ ಇಟ್ಟುಕೊಳ್ಳುತ್ತಾರೆಯೇ?

ಆಗಸ್ಟ್ 20, ಮಂಗಳವಾರ

ಬೀದರಿಗೆ ಹೋಗಿಬಂದೆವು. ನರ ಸೋತಿದೆಯಂತೆ. ಹೋದದ್ದು ಬರುವುದಿಲ್ಲ. ಬಲಗಿವಿ ಗಟ್ಟಿಯಾಗಿದೆ, ಹೆದರಬೇಡಿ ಅಂದರು ಡಾಕ್ಟರು. ಎಡಕ್ಕೆ ಮಷೀನು ಹಾಕಬಹುದು, ಕೈಯಲ್ಲಿ ದುಡ್ಡಾದಾಗ. ಬಸ್‌ ಸ್ಟ್ಯಾಂಡಿನವರೆಗೆ ಅಜೀತ ನನ್ನ ಬಲಗಡೆಗೆ ಬಂದು ನಡೆದ.

ಅತ್ತೆಗೆ ಹೇಳಬೇಡ ಅಂದೆ. ಅವರ ಕಿವಿಯನ್ನು ಆಡಿಕೊಂಡ ಬಾಯಿಂದಲೇ ಇದನ್ನು ಹೇಗೆ ಹೇಳಲಿ?

ಆಗಸ್ಟ್ 25, ಭಾನುವಾರ

ವಸೀಮನ ಅಂಗಡಿ. ಯಾರೂ ಇರಲಿಲ್ಲ. ದೇವರೇ ದಾರಿ ಮಾಡಿದ ಅಂದುಕೊಂಡು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವನು ತಲೆ ಎತ್ತದೆ ಬೆಸುಗೆ ಹಾಕುತ್ತಿದ್ದ.

"ಕಿವಿ ವಿಷಯ ಕೇಳಿ ಬ್ಯಾಸರಾತು ಟೀಚರ್. ಆದ್ರ ಅವತ್ತ ನಾಲ್ಕು ಮಂದಿ ಮುಂದ ಅಂದ್ರಿ. ಇವತ್ತ ಖಾಲಿ ದುಕಾನ್‌ದಾಗ ಹೇಳಾಕತ್ತೀರಿ."

ಹೌದಲ್ಲ. ಗಿರಾಕಿ ಬರಲಿ ಎಂದು ಸ್ಟೂಲ್ ಎಳೆದು ಕೂತೆ. ರಿಮೋಟ್ ಕೇಳಿಕೊಂಡು ಬೇಮಳಖೇಡದ ಒಬ್ಬ ಮುದುಕ ಬಂದ, ಅವನ ಹಿಂದೆ ಒಂದು ಸಂಸಾರ. ಎದ್ದು ನಿಂತೆ. "ಇವನ ಸಾಮಾನಕ್ಕ ನಾ ಖೊಟ್ಟಿ ಅಂದಿದ್ದೆ. ಖೊಟ್ಟಿ ಇದ್ದದ್ದು ನನ್ನ ಕಿವಿ" ಅಂದೆ. ಮುದುಕ ನನ್ನನ್ನೂ ವಸೀಮನನ್ನೂ ನೋಡಿ, "ರಿಮೋಟ್ ಅದ ಇಲ್ಲ ಹೇಳ್ರಿ ಮೊದ್ಲು" ಅಂದ. ವಸೀಮ್ ನಕ್ಕುಬಿಟ್ಟ. ಚಹಾ ತರಿಸಿದ. ಅಲ್ಲಿಂದಲೇ ಜಯಮಾಲಾಳಿಗೂ ಫೋನ್ ಮಾಡಿ ತಪ್ಪು ನನ್ನದೆಂದೆ — ಬಲಗಿವಿಗೆ ಹಿಡಿದು.

ಆಗಸ್ಟ್ 27, ಮಂಗಳವಾರ. ಸಂಜೆ

ರೊಟ್ಟಿ ತೆಗೆದುಕೊಂಡು ಒಳಕೋಣೆಗೆ ಹೋದೆ. ಎದುರಿಗೆ ಕೂತೆ.

"ಅತ್ತಿ, ನನ್ನ ಎಡಗಿವಿ ಹೋಗ್ಯಾದ್ರಿ."

"ಹ್ಞೂಂ" ಅಂದರು. ಕೇಳಿಸಿರಲಿಲ್ಲ.

"ಎಡಗಿವಿ! ನನ್ನದು! ಕೇಳಸಂಗಿಲ್ಲ!"

ಓಣಿಗೆಲ್ಲ ಕೇಳಿಸಿರಬೇಕು. ಅತ್ತೆ ರೊಟ್ಟಿ ಕೆಳಗಿಟ್ಟರು. ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ನಾನು ಅತ್ತುಬಿಟ್ಟೆ. ಆ ದಿನದ ರಿಮೋಟಿಗೂ ಸೇರಿಸಿ. ಕ್ಷಮಿಸ್ರಿ ಅಂದದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಸೆರಗಿನಿಂದ ನನ್ನ ಕಣ್ಣೊರೆಸಿದರು.

"ಒಂದ್ ಮಾತು ಹೇಳ್ತೀನಿ ಸುಜಾತಾ. ಕೇಳಸ್ಲಿಲ್ಲಂದ್ರ ಹ್ಞೂಂ ಅನಬ್ಯಾಡ. ನಾ ಹಂಗೇ ಅನಕೋತ ಬಂದೆ. ಮಂದಿ ಮೊದ್ಲ ನಕ್ಕರು. ಆಮ್ಯಾಲ ಹೇಳೂದೇ ಬಿಟ್ರು. ಕೇಳಸ್ಲಿಲ್ಲ ಅನ್ನು, ಇನ್ನೊಮ್ಮಿ ಹೇಳ್ರಿ ಅನ್ನು. ನಾಚಬ್ಯಾಡ."

ತಾಟು ಹಿಡಿದುಕೊಂಡು ತಾವೇ ಎದ್ದು ಹಾಲ್‌ಗೆ ಬಂದರು.

ಈಗ ಪಕ್ಕದಲ್ಲೇ ಕೂತಿದ್ದಾರೆ. ಧಾರಾವಾಹಿ ಶುರುವಾಗಿದೆ. ನಡುವಿನ ಸ್ಪೀಕರ್ ಪೂರ್ತಿ ಏರಿಸಿದ್ದೇನೆ. ನಾನು ಬರೆಯುತ್ತಿರುವುದನ್ನು ನೋಡಿ ಅತ್ತೆ ಏನೋ ಕೇಳಿದರು, ಎಡಗಡೆಯಿಂದ. ತುಟಿ ಆಡಿದ್ದಷ್ಟೇ ಕಂಡಿತು. ಹ್ಞೂಂ ಅಂದುಬಿಟ್ಟೆ. ಛೇ.

ಇಲ್ಲ ಅತ್ತಿ, ಕೇಳಸ್ಲಿಲ್ಲ. ಇನ್ನೊಮ್ಮಿ —