ಒಂಬತ್ತು ಸಾವಿರದ ಕೆಲಸ

ಸಿದ್ದಾಪುರ
೯ ಏಪ್ರಿಲ್ ೨೦೨೫

ನನ್ನ ಮುದ್ದು ಶೈಲಾ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೆಂದು ನಂಬಿ ಬರೆಯುತ್ತಿದ್ದೇನೆ. ಫೋನಿರುವಾಗ ಕಾಗದ ಏಕೆಂದು ನಗಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಭಾನುವಾರ ನನ್ನ ಸಂಬಳ ಕೇಳಿದೊಡನೆ, "ಅವ್ವಾ, ನಲವತ್ತು ಸಾವಿರ ಕಟ್ಟಿ, ಆರು ತಿಂಗಳು ಗಂಗಾವತಿಗೆ ಬಸ್ಸಿನ್ಯಾಗ ಓಡಾಡಿ, ಕಡೀಕ ಒಂಬತ್ತು ಸಾವಿರದ ಕೆಲಸೇನು?" ಎಂದುಬಿಟ್ಟೆ. ನೀನು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ಒಂದು ಮಾತಿನ ಉತ್ತರವಿಲ್ಲ.

ಆ ಮೆಡಿಕಲ್ ಅಸಿಸ್ಟೆಂಟ್ ಸರ್ಟಿಫಿಕೇಟ್ ಕೋರ್ಸಿಗೆ ನಿನ್ನನ್ನೇ ಸೇರಿಸಬೇಕೆಂದು ಐದು ಸಾವಿರ ಮುಂಗಡ ಕೊಟ್ಟು ಬಂದಿದ್ದೆವಲ್ಲ. ಅಷ್ಟರಲ್ಲಿ ನಿನಗೆ ರಾಯಚೂರಿನಲ್ಲಿ ಕೃಷಿ ಪದವಿಯ ಸೀಟು ಸಿಕ್ಕಿತು. ಮುಂಗಡ ವಾಪಸು ತರಲು ನಾನೊಬ್ಬಳೇ ಹೋದೆ. ಅಲ್ಲಿನ ಮ್ಯಾನೇಜರ್ ತಿರುಪತಿ ಒಳ್ಳೆಯವನು, ತಕರಾರಿಲ್ಲದೆ ದುಡ್ಡು ಮೇಜಿನ ಮೇಲಿಟ್ಟ. ನನಗೆ ಏನಾಯಿತೋ, ಕೈ ಚಾಚಲಿಲ್ಲ. "ನನ್ನಂಥಾಕಿ ಸೇರಬಹುದೇನ್ರಿ?" ಎಂದು ಕೇಳಿದೆ. ಅವನು ನಗಲಿಲ್ಲ. "ಪಿಯುಸಿ ಪಾಸ್ ಆಗಿದ್ರ ಸಾಕ್ರಿ. ಮುಗಿದ ಮ್ಯಾಲ ತಿಂಗಳಿಗೆ ಇಪ್ಪತ್ತು ಸಾವಿರ ಗ್ಯಾರಂಟಿ" ಎಂದ.

ಪಿಯುಸಿಯೇನೋ ನನ್ನದು ಮದುವೆಗೆ ಮೊದಲೇ ಆಗಿತ್ತು, ಆದರೆ ಆ ಇಪ್ಪತ್ತು ಸಾವಿರವನ್ನು ನಾನು ಸುಮ್ಮನೆ ನಂಬಲಿಲ್ಲ. ಎದುರಿಗಿದ್ದ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡುವ ಫಾತಿಮಾಬೀ ಎಂಬವಳನ್ನು ಊಟದ ಹೊತ್ತಿನಲ್ಲಿ ಹುಡುಕಿ ಮಾತಾಡಿಸಿದೆ. ರೊಟ್ಟಿ ಮುರಿಯುತ್ತಲೇ ಹೇಳಿದಳು: "ಆ ಪಗಾರ ಬೋರ್ಡ್ ಮ್ಯಾಲ ಅಷ್ಟ ಇರತೈತ್ರಿ ಅಕ್ಕಾರ. ಮೊದಲ ವರ್ಷ ಎಂಟೋ ಒಂಬತ್ತೋ. ನಾಕು ವರ್ಷ ದುಡಿದ ಮ್ಯಾಲ ನನಗ ಹದಿಮೂರು ಆಗೈತಿ. ಆದ್ರ ಮಳಿ ಇರ್ಲಿ, ಬಿಸಲಿರ್ಲಿ, ತಿಂಗಳಾ ತಪ್ಪೂದಿಲ್ರಿ."

ಬಸ್ಸಿನಲ್ಲಿ ಕಾಲುವೆಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದೆ. ಭತ್ತದ ನಾಟಿಗೆ ಹೋದರೆ ದಿನದ ಕೂಲಿ ಇದಕ್ಕಿಂತ ಹೆಚ್ಚೇ ಬೀಳುತ್ತದೆ. ಆದರೆ ನಾಟಿ ಮುಗಿದ ಮೇಲೆ? ಕೆಸರಿನಲ್ಲಿ ಬಗ್ಗಿ ನಿಲ್ಲಲು ನನ್ನ ಸೊಂಟ ಇನ್ನೆಷ್ಟು ವರ್ಷ ಒಪ್ಪೀತು? ನಿನ್ನ ಕೋರ್ಸಿಗೆಂದು ಸಂಘದಲ್ಲಿ ಕೂಡಿಟ್ಟ ದುಡ್ಡು ನಿನಗೆ ವಿದ್ಯಾರ್ಥಿವೇತನ ಬಂದದ್ದರಿಂದ ಹಾಗೇ ಉಳಿದಿತ್ತು. ಒಂಬತ್ತು ಸಾವಿರವೆಂದೇ ಹಿಡಿದರೂ ಐದಾರು ತಿಂಗಳ ಸಂಬಳದಲ್ಲಿ ಅಷ್ಟೂ ವಾಪಸು ಬರುತ್ತದೆ. ಇಳಿಯುವಷ್ಟರಲ್ಲಿ ನಿರ್ಧಾರವಾಗಿತ್ತು.

ನಿಮ್ಮಪ್ಪ ಎಲ್ಲ ಕೇಳಿಸಿಕೊಂಡು ಕೈ ತೊಳೆದು ಎದ್ದುಹೋದರು. ಮರುದಿನ ಬೆಳಿಗ್ಗೆ ಕೇಳಿದ್ದು ಒಂದೇ ಮಾತು: "ಹಂಗಾರ ಎಮ್ಮಿ ಯಾರು ಹಿಂಡೋರು?" ನೀವೇ ಹಿಂಡಬೇಕು ಎಂದೆ. ಆ ಎಮ್ಮೆಯೋ ನನ್ನನ್ನು ಬಿಟ್ಟು ಯಾರಿಗೂ ಹಾಲು ಇಳಿಸುವುದಿಲ್ಲ. ಕಡೆಗೆ ನಿಮ್ಮಪ್ಪ ನನ್ನ ಹಳೇ ಸೀರೆ ಹೊದ್ದು, ತಲೆಯ ಮೇಲೆ ಸೆರಗೆಳೆದುಕೊಂಡು ಕೂತರು. ಈಗಲೂ ದಿನಾ ಬೆಳಿಗ್ಗೆ ಅದೇ ವೇಷ. ಯಾರಾದರೂ ಬಂದರೆ ಗೋದಲಿಯ ಹಿಂದೆ ಅಡಗುತ್ತಾರೆ.

ಹೀಗೆ ಮನೆಯವರನ್ನು ಒಪ್ಪಿಸಿ ಹೋದವಳು ಎರಡನೇ ವಾರಕ್ಕೇ ಬಿಟ್ಟುಬಿಡುವವಳಿದ್ದೆ, ಗೊತ್ತೇ? ಕಲಿಸಲು ಕರೆದೊಯ್ದ ಆಸ್ಪತ್ರೆಯಲ್ಲಿ ಒಬ್ಬನ ಕಾಲಿನ ಗಾಯ ಬಿಚ್ಚಿದಾಗ ನನಗೆ ಕಣ್ಣು ಕತ್ತಲೆ ಬಂತು. ನನ್ನ ಜೊತೆ ಕಲಿಯುತ್ತಿದ್ದ ನಿನ್ನ ವಯಸ್ಸಿನ ಹುಡುಗಿಯರು ಹಿಡಿದು ಹೊರಗೆ ತಂದು ಮೆಟ್ಟಿಲ ಮೇಲೆ ಕೂಡಿಸಿದರು. ನಾಚಿಕೆಯಿಂದ ಅವರು ಕೊಟ್ಟ ನೀರನ್ನೂ ಕುಡಿಯದೆ ಎದ್ದುಬಂದೆ. ನಾಳೆಯಿಂದ ಹೋಗುವುದಿಲ್ಲವೆಂದು ಮನೆಗೆ ಬಂದು ನಿಮ್ಮಜ್ಜಿಯ ಮುಂದೆ ಅತ್ತೆ. ಅವರು ತಮ್ಮ ಸಕ್ಕರೆ ಕಾಯಿಲೆ ನೋಡುವ ಮಷೀನನ್ನು ನನ್ನ ಕೈಗೆ ಕೊಟ್ಟು ಬೆರಳು ಮುಂದೆ ಮಾಡಿದರು. "ಇಷ್ಟು ವರ್ಷ ಕಂಡವರ ಕೈಯಾಗ ಚುಚ್ಚಿಸ್ಕೊಂಡೀನಿ. ಸೊಸಿಗೆ ಕೊಡಾಕ ಏನು ಅಂಜಿಕಿ? ಚುಚ್ಚು."

ಮೊದಲ ಸಲ ರಕ್ತವೇ ಬರಲಿಲ್ಲ. ಎರಡನೆಯದಕ್ಕೆ ಅಜ್ಜಿ, "ಮೆಲ್ಲಕ! ನಾನೇನು ಮಿರ್ಚಿ ಭಜಿ ಮಾಡಾಕ ಸೀಳೋ ಮೆಣಸಿನಕಾಯಿ ಅಲ್ಲ" ಎಂದರು. ಅಳುತ್ತಿದ್ದವಳು ನಕ್ಕುಬಿಟ್ಟೆ. ಹನಿ ಬಂತು. ಮರುದಿನ ಬಸ್ಸಿಗೆ ಎಲ್ಲರಿಗಿಂತ ಮೊದಲೇ ನಿಂತಿದ್ದೆ.

ಈ ತಿಂಗಳ ಒಂದರಿಂದ ನಮ್ಮೂರಿನ ಪ್ರಭುರಾಜ ಡಾಕ್ಟರ ದವಾಖಾನೆಯಲ್ಲಿದ್ದೇನೆ. ಬಂದವರ ತೂಕ, ಬಿಪಿ ನೋಡಿ ಬರೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಸರದಿಯಂತೆ ಒಳಗೆ ಕಳಿಸುವುದು. ಮೊನ್ನೆ ಪಕ್ಕದ ಮನೆಯ ಗುರುಲಿಂಗಮ್ಮ ಬಂದಿದ್ದಳು. "ಮಗಳನ್ನ ಓದಿಸೋ ವಯಸ್ಸಿನ್ಯಾಗ ತಾನ ಸಾಲಿಗೆ ಹೊಂಟಾಳ" ಎಂದು ನಲ್ಲಿಯ ಹತ್ತಿರ ಆಡಿಕೊಂಡವಳು ಅವಳೇ. ನಾನು ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, "ಎಷ್ಟೈತ್ರಿ ಕಸ್ತೂರೆಮ್ಮಾರ?" ಎಂದು ಕೇಳಿದಳು. ಇಪ್ಪತ್ತು ವರ್ಷದಿಂದ ನನ್ನನ್ನು ಏಕವಚನದಲ್ಲೇ ಕೂಗಿದವಳು! ನಾರ್ಮಲ್ ಇದೆಯೆಂದು ಹೇಳಿದೆ. ನನ್ನದೇ ಸ್ವಲ್ಪ ಏರಿತ್ತೇನೋ.

ಈಗ ಹೇಳು ಮಗಳೇ, ಇದನ್ನೆಲ್ಲ ಯಾವ ಕಡೆ ಕೂಡಿಸಲಿ? ಖರ್ಚಿನ ಕಡೆಗೋ, ಗಳಿಕೆಯ ಕಡೆಗೋ? ನೀನು ನನಗಿಂತ ಹೆಚ್ಚು ಓದುತ್ತಿರುವವಳು, ನಿನಗೆ ತಿಳಿದೀತು. ಬಿಸಿಲು ಜಾಸ್ತಿಯಾಗಿದೆ, ಮಜ್ಜಿಗೆ ಕುಡಿ.

ನಿನ್ನ ಅವ್ವ,
ಕಸ್ತೂರೆಮ್ಮ

ತಾ.ಕ.: ಕುಷ್ಟಗಿಯ ಒಂದು ಆಸ್ಪತ್ರೆಯವರು ಹನ್ನೆರಡು ಸಾವಿರಕ್ಕೆ ಕರೆದಿದ್ದರು, ಇರಲು ಕೋಣೆಯನ್ನೂ ಕೊಡುತ್ತಿದ್ದರು. ಅಜ್ಜಿಯನ್ನು ಬಿಟ್ಟಿರಲಾರೆ ಎಂದು ಬೇಡವೆಂದೆ. ನಿಮ್ಮಪ್ಪನಿಗೂ ಹಾಗೇ ಹೇಳಿದ್ದೇನೆ, ಪಾಪ, ಮನಸ್ಸು ತುಂಬಿ ಬಂತು ಅವರಿಗೆ. ನಿಜವೇನೆಂದರೆ, ಕುಷ್ಟಗಿಯಲ್ಲಿ ನನ್ನನ್ನು ಬಲ್ಲವರು ಯಾರಿದ್ದಾರೆ? ಬಿಳಿ ಕೋಟು ತೊಟ್ಟು ನಡೆದರೆ ನಮ್ಮೂರ ಬಜಾರಿನಲ್ಲೇ ನಡೆಯಬೇಕು ಅನ್ನಿಸಿತು. ಕೋಟನ್ನು ದವಾಖಾನೆಯಲ್ಲೇ ಕಳಚಿಡಬೇಕಂತೆ. ನಾನು ಮನೆವರೆಗೂ ತೊಟ್ಟುಕೊಂಡೇ ಬರುತ್ತೇನೆ, ಅದೂ ಸುತ್ತು ದಾರಿಯಿಂದ.