ವೈದ್ಯರ ಕೋಣೆಯಲ್ಲಿ ಇದ್ದವರು

ಮಂಗಳವಾರ, ಹನ್ನೊಂದನೆಯ ತಾರೀಖು

"ಅಕ್ಕ ಹೆದರಿ ಬಾಯೇ ಬಿಡ್ಲಿಲ್ಲ" ಎಂದು ತಂಗಿ ಸಂಜೆಯಿಂದ ಎಲ್ಲರಿಗೂ ಫೋನಿನಲ್ಲಿ ಹೇಳುತ್ತಿದ್ದಾಳೆ. ಅದು ಸುಳ್ಳು. ನನ್ನನ್ನು ಯಾರೂ ಏನನ್ನೂ ಕೇಳಲಿಲ್ಲ.

ಹಲ್ಲುನೋವೆಂದು ಎರಡು ಹಲ್ಲು ಕೀಳಿಸಿಕೊಂಡ ಮೇಲೆ, ಅದು ದವಡೆಯ ಮೂಳೆಯೊಳಗಿನ ಅಪರೂಪದ ಗೆಡ್ಡೆಯೆಂದು ತಿಳಿಯಿತು. ವೈದ್ಯರು ಮಗನ ಮುಖ ನೋಡಿಕೊಂಡು ವಿವರಿಸಿದರು: "ಕ್ಯಾನ್ಸರ್ ಅಲ್ಲ. ಆದ್ರೂ ಅರ್ಧ ಕೆಳದವಡೆ ತೆಗೆದು ಕಾಲಿನ ಮೂಳೆ ಕೂರಿಸ್ಬೇಕು. ಆಮೇಲೆ ಅಮ್ಮನ ಮಾತು ಮೊದಲಿನ ಹಾಗಿರಲ್ಲ."

"ಪರವಾಗಿಲ್ಲ ಡಾಕ್ಟ್ರೇ, ಜೀವಮಾನವೆಲ್ಲ ಪಾಠ ಮಾಡಿದ್ದು ಸಾಲ್ದಾ? ನಮ್ಮ ಕಿವಿಗೂ ಸ್ವಲ್ಪ ರಜೆ ಸಿಗ್ಲಿ" ಎಂದ ಮಗ.

ಎಲ್ಲರೂ ನಕ್ಕರು. ನಾಳೆಯ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿಯನ್ನೂ ಅವನೇ ಹಾಕಿದ.

ಎಷ್ಟೋ ಮಕ್ಕಳ ಉಚ್ಚಾರವನ್ನು ತಿದ್ದಿದ ಈ ಬಾಯಿ ನಾಳೆ ಬೆಳಿಗ್ಗೆಯವರೆಗೆ ಮಾತ್ರ ನನ್ನದು. ಆದ್ದರಿಂದ ನಡೆದದ್ದನ್ನು ಸರಿಯಾಗಿ ಬರೆದಿಡುತ್ತಿದ್ದೇನೆ. ಆ ಕೋಣೆಯಲ್ಲಿ ವೈದ್ಯರು, ಮಗ, ಸೊಸೆ, ತಂಗಿ ಇದ್ದರು.

ನಾನೂ ಇದ್ದೆ.