ಬೀಗ ಹಾಕಿದ ಕೋಣೆಯ ಉಸಿರು

ಕಾಳಿಂಗನದೊಡ್ಡಿ, ರಾಮನಗರ ತಾಲ್ಲೂಕು
೧೦ ಫೆಬ್ರವರಿ ೨೦೨೫, ಸೋಮವಾರ

ಪ್ರೀತಿಯ ಅತ್ತೆಮ್ಮನಿಗೆ, ನಿಮ್ಮ ಸೊಸೆ ಲತಾಮಣಿಯ ನಮಸ್ಕಾರಗಳು.

ಮಾಗಡಿಯ ಚಳಿಗೆ ನಿಮ್ಮ ಮಂಡಿನೋವು ಹೇಗಿದೆ? ಸೌಮ್ಯ ಅತ್ತಿಗೆ ಕಾಯಿಸಿ ಕೊಡುವ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಕಿಟಕಿಯ ಮೇಲಿಟ್ಟು ಮರೆಯುತ್ತಿದ್ದೀರೋ? ಹೋದ ವಾರದಿಂದ ನೀವು ಸರಿಯಾಗಿ ಊಟ ಮಾಡುತ್ತಿಲ್ಲ, ಮಗಳ ಜೊತೆಗೂ ಮಾತು ಬಿಟ್ಟಿದ್ದೀರಿ ಅಂತ ಅತ್ತಿಗೆ ಫೋನಿನಲ್ಲಿ ಅತ್ತರು. ಅವರ ಮೇಲೆ ಕೋಪ ಬೇಡ ಅತ್ತೆಮ್ಮ. ಊರಿಗೆ ಬರಲು ಬ್ಯಾಗು ಹಿಡಿದು ನಿಂತಿದ್ದ ನಿಮ್ಮನ್ನು ಹೊಸ್ತಿಲಲ್ಲೇ ತಡೆಯಲು ಹೇಳಿದವಳು ನಾನು. ಬಸ್ಸಿಲ್ಲ ಅಂದದ್ದೂ ಸುಳ್ಳು, ನಾನೇ ಹೇಳಿಕೊಟ್ಟದ್ದು. ಫೋನಿನಲ್ಲಿ ನಿಮಗೆ ಕಿವಿ ಕೇಳಿಸುವುದಿಲ್ಲ. ಬೇರೆಯವರು ನಿಮ್ಮ ಕಿವಿಯ ಹತ್ತಿರ ಕೂಗಿ ಹೇಳುವಂಥ ವಿಷಯವೂ ಇದಲ್ಲ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು, ಕೂತು ಓದಿ.

ಮೊದಲು ಊರಿನ ಸುದ್ದಿ. ನಿಮ್ಮ ಮಗ ಚೆನ್ನಾಗಿದ್ದಾರೆ, ಹಿಪ್ಪುನೇರಳೆ ತೋಟ ಸವರಿಸಿದ್ದಾರೆ, ಚಿಗುರು ಹಸುರಾಗಿ ಬರುತ್ತಿದೆ. ಕೆಂದ ಹಸು ನೀವು ಹೋದ ಮೇಲೆ ಒಂದು ವಾರ ಹಾಲು ಕಡಿಮೆ ಮಾಡಿತ್ತು, ಈಗ ಪರವಾಗಿಲ್ಲ. ನನ್ನ ಅಣ್ಣ ಅನಂತರಾಜು ಚನ್ನಪಟ್ಟಣದಿಂದ ಬಂದಿದ್ದ. ಅವನ ಆಟಿಕೆ ಕಾರ್ಖಾನೆಯಲ್ಲಿ ಆಲೆಮರದ ತುಂಡು ಒಣಗಿಸುವ ಕೋಣೆಗೂ ನಮ್ಮ ರೇಷ್ಮೆ ಹುಳದ ಮನೆಯಲ್ಲಿರುವಂಥ, ಬಿಸಿ, ತೇವ, ಗಾಳಿ ಅಳೆಯುವ ಪೆಟ್ಟಿಗೆಯನ್ನೇ ಹಾಕಿಸಿದ್ದಾನೆ. ಮರದ ತೇವ ಎಷ್ಟಿದೆ ಅಂತ ಅದು ಹೇಳುವುದರಿಂದ ಬಣ್ಣ ಹಾಕಿದ ಬೊಂಬೆ ಸೀಳುವುದು ನಿಂತಿದೆಯಂತೆ. ಉಯ್ಯಂಬಳ್ಳಿ ಕಡೆಯ ಕಾಡಂಚಿನಲ್ಲಿ ನೆಟ್ಟಿರುವ ಕಂಬಗಳು ಆನೆ ಹೆಜ್ಜೆಗೆ ನೆಲ ಅದುರಿದರೆ ಊರವರ ಫೋನಿಗೆ ಕೂಗು ಹಾಕುತ್ತವೆ. ಅಲ್ಲಿರುವ ನಮ್ಮ ದೊಡ್ಡಮ್ಮನ ಮನೆಯವರು ಈ ಸಲ ರಾಗಿಯನ್ನೆಲ್ಲ ಮನೆಗೆ ತಂದರು. ಇವೆಲ್ಲದರ ಲೆಕ್ಕ ಬಂದು ಸೇರುವುದು ನಮಗೆ ಪೆಟ್ಟಿಗೆ ಕೊಟ್ಟ ರಾಮನಗರದ ಅದೇ ಕಚೇರಿಗೆ. ಯಾರ ಗೂಡು ಯಾವಾಗ ಬರುತ್ತದೆ, ಹೇಗಿರುತ್ತದೆ ಅಂತ ನೂಲು ತೆಗೆಯುವವರಿಗೂ ಅಲ್ಲಿಂದಲೇ ಮೊದಲೇ ಗೊತ್ತಾಗುತ್ತದೆ. ನಮ್ಮ ಮನೆಗೆ ಪೆಟ್ಟಿಗೆ ಬಂದ ದಿನ ಮಾವ ಸಿಡುಕಿದ್ದು ನೆನಪಿದೆಯಾ? "ಹುಳಕ್ಕೆ ಸೆಖೆ ಆಯ್ತೋ ಚಳಿ ಆಯ್ತೋ ನನ್ನ ಮೂಗೇ ಯೋಳ್ತದೆ, ಈ ಗೂಬೆ ಯಾಕ್ಲಾ" ಅಂದಿದ್ದರು. ಆಮೇಲೆ ದಿನಾ ಬೆಳಗ್ಗೆ ಅದರ ಹಸಿರು ದೀಪ ನೋಡದೆ ಕಾಫಿ ಕುಡಿಯುತ್ತಿರಲಿಲ್ಲ.

ಈಗ ಆ ಕೋಣೆಯ ವಿಷಯ. ಹನ್ನೊಂದನೇ ದಿನದ ಕಾರ್ಯ ಮುಗಿಸಿ, ಮಾವ ತೀರಿಕೊಂಡ ಆ ಚಾಕಿ ಕೋಣೆಗೆ, ನಮ್ಮ ಎಳೆ ಹುಳುಗಳ ಸಣ್ಣ ಕೋಣೆಗೆ, ನೀವು ಬೀಗ ಹಾಕಿ, ಬೀಗದಕೈ ಸೆರಗಿಗೆ ಕಟ್ಟಿಕೊಂಡು ಮಾಗಡಿಗೆ ಹೋದಿರಿ. ನಾವು ಯಾರೂ ಅತ್ತ ಸುಳಿಯಲಿಲ್ಲ. ಆದರೆ ಒಳಗಿನ ಪೆಟ್ಟಿಗೆ ಸೂರಿನ ಮೇಲಿನ ಬಿಸಿಲಿನ ಹಲಗೆಯಿಂದ ನಡೆಯುತ್ತಲೇ ಇತ್ತು. ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ, ಮಧ್ಯಾಹ್ನ ನಾನು ಅವರೆಕಾಳು ಹಿತುಕುತ್ತಾ ಕೂತಿದ್ದಾಗ, ಫೋನು ಬಡಿದುಕೊಂಡಿತು. ಹುಳ ಸಾಕುವಾಗ ಕೇಳುತ್ತಿದ್ದ ಅದೇ ಹೆಂಗಸಿನ ದನಿ: "ಚಾಕಿ ಕೋಣೆಯಲ್ಲಿ ಉಸಿರು ಹೆಚ್ಚಾಗಿದೆ. ದಯವಿಟ್ಟು ಗಾಳಿ ಆಡಿಸಿ." ನನ್ನ ಕೈಯಲ್ಲಿದ್ದ ಕಾಳು ಹಾಗೇ ನಿಂತಿತು. ಅಂಗಳದಲ್ಲಿ ಬಿಸಿಲು, ಎದುರಿಗೆ ಆ ಬಾಗಿಲು, ಅದರ ಮೇಲೆ ನೀವು ಹಾಕಿದ ಬೀಗ. ಒಳಗೆ ಒಂದು ಹುಳುವೂ ಇಲ್ಲ.

ಪೆಟ್ಟಿಗೆ ಕೆಟ್ಟಿರಬೇಕು ಅಂದರು ನಿಮ್ಮ ಮಗ. ಆದರೆ ಮರುದಿನವೂ ಬಂತು, ಅದರ ಮರುದಿನವೂ. ಬೆಳಕು ಹರಿದ ಮೇಲೆ ಫೋನಿನಲ್ಲಿ ಆ ಉಸಿರಿನ ಲೆಕ್ಕ ತೋರಿಸುವ ಗೆರೆ ಮೆಲ್ಲಗೆ ಏರುತ್ತಿತ್ತು, ಸಂಜೆ ಮಬ್ಬಾದಂತೆ ಇಳಿಯುತ್ತಿತ್ತು. ಕೋಣೆಯ ಬಿಸಿಯೂ ಅದರ ಜೊತೆಗೇ ಏರಿ ಇಳಿಯುತ್ತಿತ್ತು. ಮಾವ ಬೆಳಗ್ಗೆ ಒಳಗೆ ಹೋಗಿ ಸಂಜೆ ಹೊರಗೆ ಬರುತ್ತಿದ್ದರಲ್ಲ, ಥೇಟ್ ಹಾಗೆ. ನಿಮ್ಮ ಮಗ ಇದನ್ನು ಸೌಮ್ಯ ಅತ್ತಿಗೆಗೆ ಹೇಳಿದರು, ಅವರು ನಿಮಗೆ ಹೇಳಿದರು. ಆಗ ನೀವು ಹೇಳಿಕಳಿಸಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ: "ಅವ್ರು ಬಂದವ್ರೆ. ನಾನು ಬರೋಗಂಟ ಯಾರೂ ಬಾಗ್ಲು ಮುಟ್ಟುಬ್ಯಾಡಿ. ನಾನೇ ತಗೀತೀನಿ, ಅವ್ರ ತಾವ ಒಸಿ ಹೊತ್ತು ಕುಂತ್ಕತೀನಿ."

ನಾನು ನಂಬಲಿಲ್ಲ ಅಂದುಕೊಳ್ಳಬೇಡಿ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಹೋಗಿ ಬಾಗಿಲಿಗೆ ಕಿವಿ ಇಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಕೇಳಿಸಿತು. ಎಳೆದು ಬಿಡುವ ಉಸಿರು, ಮರಕ್ಕೆ ಗರಗಸ ಹಾಕಿದ ಹಾಗೆ ಗರ್ ಗರ್ ಅನ್ನುವ ಉಬ್ಬಸ. ಮಾವನದು ಹಾಗೇ ಇತ್ತಲ್ಲ ಅತ್ತೆಮ್ಮ, ಚಳಿಗಾಲದಲ್ಲಿ. "ಮಾವ?" ಅಂದೆ. ಉಸಿರು ತಟ್ಟನೆ ನಿಂತಿತು. ಹಲಗೆಯ ಆ ಕಡೆ ಯಾರೋ ನನ್ನ ಮಾತು ಕೇಳಿಸಿಕೊಳ್ಳುತ್ತಾ ನಿಂತಿದ್ದಾರೆ ಅಂತ ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಓಡಿಬರಬೇಕಿತ್ತು, ಓಡಲಿಲ್ಲ. ಅವತ್ತಿಂದ ದಿನಾ ಆ ಹೊತ್ತಿಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ತೋಟದ ಸುದ್ದಿ, ಹಸುವಿನ ಸುದ್ದಿ, ನೀವು ಎಣ್ಣೆ ಹಚ್ಚಿಕೊಳ್ಳುವುದಿಲ್ಲ ಅನ್ನುವ ದೂರು, ಎಲ್ಲ ಹೇಳುತ್ತಿದ್ದೆ. ಬೆನ್ನಿಗೆ ಹಲಗೆ ಬೆಚ್ಚಗಿರುತ್ತಿತ್ತು. ಹೆದರಿಕೆಯ ಒಳಗೇ ಒಂದು ಸಮಾಧಾನವಿತ್ತು, ಅದನ್ನು ಹೇಗೆ ಬರೆಯಲಿ.

ನೀವು ಹೋದ ತಿಂಗಳ ಕೊನೆಯ ಶುಕ್ರವಾರ ಬರುತ್ತೀರಿ ಅಂತ ಗೊತ್ತಾದ ಮೇಲೆ ನನಗೆ ಒಂದು ಥರ ಆಯಿತು. ಆ ವಾರವೇ ಪಕ್ಕದ ಮನೆ ದೊಡ್ಡಲಕ್ಷ್ಮಮ್ಮನ ಮೇಕೆಮರಿ ಕಾಣೆಯಾಗಿತ್ತು. ಊರ ನಾಯಿಗಳು ನಮ್ಮ ಹಿತ್ತಲ ಕಡೆ ಬರುವುದು ಬಿಟ್ಟಿದ್ದವು. ಅಂಗಳ ಗುಡಿಸುವಾಗ ಒಂದು ಹಸಿ ವಾಸನೆ ಬರುತ್ತಿತ್ತು. ಕೊನೆಗೆ ರಾಮನಗರದ ಕಚೇರಿಗೆ ಫೋನು ಮಾಡಿದೆ. ನೂರ್ಜಹಾನ್ ಬಂದಳು. ನಮಗೆ ಪೆಟ್ಟಿಗೆ ಕೂರಿಸಿದ ಹುಡುಗಿ, ನೂಲು ತೆಗೆಯುವವರ ಮನೆಯವಳು, ಮಾವನನ್ನು ತಾತ ಅನ್ನುತ್ತಿದ್ದಳಲ್ಲ, ಅವಳೇ. ಗೆರೆಗಳನ್ನೆಲ್ಲ ತೆಗೆದು ನೋಡುತ್ತಾ ನೋಡುತ್ತಾ ಅವಳ ಮುಖ ಬಿಳಿಚಿತು. ನನ್ನ ಕೈ ಹಿಡಿದು ಅಂಗಳದ ಆಚೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು: "ಅಕ್ಕ, ಪೆಟ್ಟಿಗೆ ಸರಿಯಾಗೇ ಐತೆ. ಸತ್ತೋರು ಕೋಣೆ ಬಿಸಿ ಮಾಡಲ್ಲ. ಹಗಲೊತ್ತು ಒಳಗೆ ಮಲಗ್ತದೆ, ಕತ್ತಲಾದ್ರೆ ಆಚೆ ಹೋಗ್ತದೆ. ಇದು ಮನುಷ್ಯ ಅಲ್ಲ."

ಬಂಡೆಯ ಕಡೆಯ ಗೋಡೆಯಲ್ಲಿ ಮೇಲೊಂದು ಗಾಳಿಕಿಂಡಿ ಇದೆಯಲ್ಲ, ದೂರದಿಂದಲೇ ನೋಡಿದೆವು. ಅದರ ಜಾಲರಿ ಹರಿದು ಒಳಗೆ ಬಾಗಿತ್ತು, ತಂತಿಗೆ ಹಳದಿ ಕೂದಲು ಸಿಕ್ಕಿಕೊಂಡಿತ್ತು. ಚಿರತೆ, ಅತ್ತೆಮ್ಮ. ಮರಿ ಹಾಕಿದ ತಾಯಿ ಚಿರತೆ ಅಂತ ಆಮೇಲೆ ಗೊತ್ತಾಯಿತು. ನಾನು ಬೆನ್ನು ಕೊಟ್ಟು ಕೂತದ್ದು ಅದಕ್ಕೆ. ನೀವು ಬೀಗ ತೆಗೆದು ಒಬ್ಬರೇ ಒಳಗೆ ಹೋಗಿ, ಅವರ ಹತ್ತಿರ ಅಂತ ಕೂರುತ್ತಿದ್ದಿರಿ. ಅದು ಗುರುಗುಟ್ಟಿದರೂ ನಿಮಗೆ ಕೇಳಿಸುತ್ತಿರಲಿಲ್ಲ. ಅದಕ್ಕೇ ತಡೆಸಿದೆ. ಕಾರಣ ಹೇಳಿದ್ದರೆ ನೀವು ಹೆದರುತ್ತಿದ್ದಿರಿ, ಇಲ್ಲವೇ ನಂಬದೆ ಹೊರಟುಬಿಡುತ್ತಿದ್ದಿರಿ.

ಅರಣ್ಯ ಇಲಾಖೆಯವರು ಬಂದು ಬಾಗಿಲು ಮುಟ್ಟಬೇಡಿ, ಗಲಾಟೆ ಮಾಡಬೇಡಿ, ಜನ ಸುಳಿದಾಡಿದರೆ ತಾಯಿಯೇ ಮರಿ ಕಚ್ಚಿಕೊಂಡು ಜಾಗ ಬದಲಾಯಿಸುತ್ತದೆ ಅಂದರು. ಹಸುವನ್ನು ದೊಡ್ಡಲಕ್ಷ್ಮಮ್ಮನ ಕೊಟ್ಟಿಗೆಗೆ ಹೊಡೆದು, ನಾವೂ ಅವರ ಮನೆಯಲ್ಲೇ ಇದ್ದೆವು. ನೂರ್ಜಹಾನ್ ರಾಮನಗರದಲ್ಲಿ ಕೂತೇ ಗೆರೆ ನೋಡುತ್ತಾ ನಿಮ್ಮ ಮಗನಿಗೂ ಇಲಾಖೆಯವರಿಗೂ ಹೇಳುತ್ತಿದ್ದಳು: ಈಗ ಇದೆ, ಈಗ ಇಲ್ಲ. ಆಮೇಲೆ ಒಂದು ದಿನ ಬಿಸಿಲೇರಿದರೂ ಗೆರೆ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಇಲಾಖೆಯವರು ಕಿಂಡಿಯಿಂದ ಕ್ಯಾಮೆರಾ ಬಿಟ್ಟು ನೋಡಿ, ಬಾಗಿಲ ಕೊಂಡಿ ಕಿತ್ತರು. ಯಾರಿಗೂ ಒಂದು ಗೀರೂ ಆಗಲಿಲ್ಲ, ಚಿರತೆಗೂ ಇಲ್ಲ. ಒಳಗೆ ಮೂಲೆಯಲ್ಲಿ ಮಾವನ ಕಂಬಳಿಯನ್ನು ಎಳೆದು ಹಾಸಿಗೆ ಮಾಡಿಕೊಂಡಿತ್ತು. ಮರಿಗಳು ಮಲಗಿದ ಕಡೆ ತಗ್ಗಾಗಿ ಕೂತಿತ್ತು. ಸುಟ್ಟುಬಿಡಿ ಅಂದರು, ನನಗೆ ಮನಸ್ಸು ಬರಲಿಲ್ಲ. ಒಗೆದು ಬಿಸಿಲಿಗೆ ಹಾಕಿದ್ದೇನೆ.

ನೀವು ಕಾಯುತ್ತಿದ್ದವರು ಅಲ್ಲಿ ಇರಲಿಲ್ಲ ಅಂತ ಹೇಳಬೇಕಾಗಿ ಬಂದದ್ದಕ್ಕೆ ನನಗೆ ದುಃಖವಿದೆ. ಆದರೆ ಇನ್ನೊಂದು ಮಾತಿದೆ. ಕಾರ್ಯದ ದಿನ ನನ್ನ ಹೆಗಲ ಮೇಲೆ ತಲೆಯಿಟ್ಟು ಅಂದಿರಿ: "ಅಂಗಳದಾಗೇ ಸೊಪ್ಪು ಆಯ್ತಾ ಕುಂತಿದ್ನಲ್ಲೇ. ಎಷ್ಟೊತ್ತು ಕೂಗುದ್ರೋ ಏನೋ, ಈ ಕಿವುಡಿಗೆ ಕೇಳ್ನಿಲ್ವಲ್ಲೇ." ಅದನ್ನು ನಾನು ನೂರ್ಜಹಾನ್‌ಗೆ ಹೇಳಿದೆ. ಮಾವ ಹೋದ ದಿನದ ಗೆರೆಯೂ ಇರುತ್ತದಾ ಅಂತ ಕೇಳಿದೆ. ಇರುತ್ತದೆ ಅಂತ ಫೋನು ಕೈಗೆತ್ತಿಕೊಂಡ ಅವಳು, "ನೋಡ್ತೀರಾ, ಖಂಡಿತಾನಾ?" ಅಂದಳು. ನಿಮ್ಮ ಮಗ ಎದ್ದು ಹೊರಗೆ ಹೋದರು. ನಾನು ನೋಡಿದೆ.

ಊಟ ಮುಗಿಸಿ ಮಾವ ಒಳಗೆ ಹೋದದ್ದು ಕಾಣುತ್ತದೆ, ಗೆರೆ ಏರುತ್ತದೆ. ಆಮೇಲೆ, ಹುಳುವಿನ ಒಂದು ಸಾಲು ತಟ್ಟೆಗೆ ಸೊಪ್ಪು ಹಾಕುವಷ್ಟು ಹೊತ್ತೂ ಆಗಿರಲಿಕ್ಕಿಲ್ಲ, ಏರುವುದು ನಿಂತು ಇಳಿಯಲು ಶುರುವಾಗುತ್ತದೆ. ಮತ್ತೆ ಏಳುವುದೇ ಇಲ್ಲ. "ಪೆಟ್ಟಿಗೆ ಹೇಳಿದಷ್ಟೇ ನಾನು ಹೇಳ್ಬೋದು ಅಕ್ಕ," ಅಂದಳು ನೂರ್ಜಹಾನ್. "ತಾತ ಬಿದ್ದು ಕಾದಿಲ್ಲ. ಕೂಗೋಕೆ ಅವರಿಗೆ ಹೊತ್ತೇ ಇರ್ಲಿಲ್ಲ." ನೀವು ಕೇಳಿಸಿಕೊಳ್ಳದೆ ಹೋದ ಕೂಗು ಯಾವುದೂ ಇಲ್ಲ ಅತ್ತೆಮ್ಮ. ಕಿವಿ ಚುರುಕಾಗಿದ್ದ ನಾನು ಅಲ್ಲಿದ್ದಿದ್ದರೂ ನನಗೂ ಏನೂ ಕೇಳುತ್ತಿರಲಿಲ್ಲ. ಇಳಿದ ಗೆರೆ ಪೂರ್ತಿ ಕೆಳಗೆ ಬೀಳಲಿಲ್ಲ, ಸಂಜೆ ನೀವು ಬಾಗಿಲು ತೆಗೆಯುವ ತನಕ ಒಂದೇ ಸಮ ಸಣ್ಣಗೆ ನಡೆದಿತ್ತು. ಇದು ಯಾರದ್ದು ಅಂತ ಕೇಳಿದೆ. ಹುಳುಗಳದ್ದು ಅಂದಳು. ಸೊಪ್ಪು ಮೇಯುತ್ತಾ ಅಷ್ಟೂ ಹುಳು ಅವರ ಸುತ್ತ ಉಸಿರಾಡುತ್ತಿದ್ದವು.

ಇಲ್ಲಿಗೆ ನಿಲ್ಲಿಸುತ್ತೇನೆ, ಕೈ ಸೋತಿದೆ. ಓದಿ ಮುಗಿದ ಮೇಲೆ ಒಂದು ಮುದ್ದೆಯಾದರೂ ಉಣ್ಣಿ, ಸೌಮ್ಯ ಅತ್ತಿಗೆಯನ್ನು ಮಾತಾಡಿಸಿ. ಕಾಗದದ ಮೇಲೆಯೇ ನಿಮ್ಮ ಪಾದ ಮುಟ್ಟಿದ್ದೇನೆ ಅಂದುಕೊಳ್ಳಿ.

ನಿಮ್ಮ ಸೊಸೆ,
ಲತಾಮಣಿ

ಇನ್ನೊಂದು ಮಾತು, ಅಂಚೆಯವರು ಬಾಗಿಲಲ್ಲೇ ನಿಂತಿದ್ದಾರೆ. ಹೊಸ ಹುಳು ಬರುವ ವಾರ ಬರುತ್ತವೆ. ಕೋಣೆ ತೊಳೆದು ಸುಣ್ಣ ಹೊಡೆದು, ಜಾಲರಿ ಬದಲಾಯಿಸಿ ಆಯಿತು. ಆದರೆ ನಾನಿನ್ನೂ ಒಬ್ಬಳೇ ಒಳಗೆ ಕಾಲಿಟ್ಟಿಲ್ಲ, ಇದನ್ನು ನಿಮ್ಮ ಮಗನಿಗೂ ಹೇಳಿಲ್ಲ. ಚಿರತೆಯ ಭಯವಲ್ಲ. ದಿನಾ ಮಧ್ಯಾಹ್ನ ಫೋನು ತೆಗೆದು ನೋಡುತ್ತೇನೆ, ಗೆರೆ ನೆಲಕ್ಕೆ ಅಂಟಿಕೊಂಡಿರುತ್ತದೆ, ಒಳಗೆ ಯಾರೂ ಇಲ್ಲ ಅನ್ನುತ್ತದೆ. ಅದನ್ನೇ ನೋಡಲಾರೆ. ಬಸ್ಸು ಇದೆ ಅತ್ತೆಮ್ಮ, ಬಂದುಬಿಡಿ. ಇಬ್ಬರೂ ಒಟ್ಟಿಗೆ ಒಳಗೆ ಹೋಗಿ ಒಸಿ ಹೊತ್ತು ಕೂರೋಣ.